ಎಂಬತ್ಮೂರನೇ ಪುಟದ ಹೆಬ್ಬೆರಳಿನ ಒಡೆಯರಿಗೆ

'ಮನೆಯಂಗಳದಲ್ಲೇ ಮೋಟಾರು ದುರಸ್ತಿ' ಎಂಬ ಸಚಿತ್ರ ಕೈಪಿಡಿಯ ಕರ್ತೃಗಳ ಸನ್ನಿಧಿಗೆ,
ಅವರು ಈಗ ಎಲ್ಲಿ ಅಡಗಿದ್ದರೂ ಅಲ್ಲಿಗೆ.

ಮಾನ್ಯರೇ,

ಎಲ್ಲಕ್ಕಿಂತ ಮೊದಲು ತಮ್ಮ ಬಲಗೈ ಹೆಬ್ಬೆರಳಿಗೆ ನನ್ನ ಸಾಷ್ಟಾಂಗ ನಮಸ್ಕಾರಗಳು ಸಲ್ಲಲಿ. ತಾವೂ ತಮ್ಮ ಮನೆಯವರೂ ಸುಖವಾಗಿರುವಿರೆಂದು ನಂಬಿದ್ದೇನೆ. ಆದರೆ ಆ ಹೆಬ್ಬೆರಳು ಮಾತ್ರ ಸುಖವಾಗಿರಲೇಬೇಕು, ಏಕೆಂದರೆ ಅದಕ್ಕೆ ಉಗುರುಸುತ್ತಾದರೆ, ಅಥವಾ ವಯಸ್ಸಿನ ದೆಸೆಯಿಂದ ಅದು ಕೊಂಚ ನಿಶ್ಶಕ್ತವಾದರೆ, ತಮ್ಮ ಪುಸ್ತಕವನ್ನು ನಂಬಿ ಬಾನೆಟ್ ಎತ್ತಿ ನಿಂತಿರುವ ಎಷ್ಟೋ ಗೃಹಸ್ಥರ ಎಂಜಿನ್ನುಗಳ ಗತಿ ಏನಾದೀತೆಂದು ನೆನೆದರೆ ಎದೆ ಝಲ್ಲೆನ್ನುತ್ತದೆ. ನಾನು ವೃತ್ತಿಯಿಂದ ದರ್ಜಿ. ಈವರೆಗೆ ಬರೆದದ್ದೆಲ್ಲ ಗಿರಾಕಿಗಳ ಅಳತೆ ಪುಸ್ತಕದಲ್ಲಿ, ಅದೂ ಎದೆ, ಸೊಂಟ, ತೋಳು, ಉದ್ದ, ಸಡಿಲ ಎಂಬ ಐದು ಕಲಮುಗಳೊಳಗೆ. ಗ್ರಂಥಕರ್ತರೊಬ್ಬರಿಗೆ ಪತ್ರ ಬರೆಯುವುದು ಇದೇ ಮೊದಲಾದ್ದರಿಂದ ಎಲ್ಲಾದರೂ ಹೊಲಿಗೆ ಬಿಟ್ಟಿದ್ದರೆ ಮನ್ನಿಸಬೇಕು.

ತಮ್ಮ ಗ್ರಂಥ ನನ್ನ ಕೈ ಸೇರಿದ ಬಗೆಯನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಪಕ್ಕದ ಮನೆಯ ಮೇಷ್ಟ್ರು ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಹತ್ತಿರದ ಅಕ್ಷರವೆಲ್ಲ ಕಾಣುತ್ತದೆ, ದೂರದ ಲಾರಿ ಕಾಣುವುದಿಲ್ಲ ಎಂಬ ಸ್ಥಿತಿಗೆ ಅವರ ಕಣ್ಣು ಬಂದಾಗ ತಮ್ಮ ಹಳದಿ ಕಾರನ್ನು ನಮಗೆ ದಾಟಿಸಿದರು. ಕಾರಿನ ಜೊತೆಗೆ ಒಂದು ಜಾಕು, ಒಂದು ಮುರಿದ ಛತ್ರಿ, ಡ್ಯಾಶ್‌ಬೋರ್ಡಿನ ಗೂಡಿನೊಳಗೆ ತಮ್ಮ ಕೈಪಿಡಿ, ಇಷ್ಟೂ ಬಂದವು. ಮುಖಪುಟದಲ್ಲಿ ಬಿಳಿ ಅಂಗಿಯ ಸಜ್ಜನರೊಬ್ಬರು ಬಿಚ್ಚಿದ ಎಂಜಿನ್ನಿನ ಪಕ್ಕ ನಿಂತು ನಗುತ್ತಿದ್ದಾರೆ. ಅಂಗಿಯ ಮೇಲೆ ಒಂದು ತೊಟ್ಟು ಎಣ್ಣೆ ಇಲ್ಲ. ಆ ಅಂಗಿಯ ಕಾಲರು ಬಹಳ ಚೆನ್ನಾಗಿ ಕೂತಿದೆ ಎಂಬುದನ್ನು ಮಾತ್ರ ಮನಸಾರೆ ಒಪ್ಪುತ್ತೇನೆ.

ಇನ್ನು ನನ್ನ ಅಹವಾಲಿನ ಮೂಲಕ್ಕೆ ಬರುತ್ತೇನೆ. ನನ್ನ ಹೆಂಡತಿಯೂ ನನ್ನ ಜೊತೆ ಅಂಗಡಿಯಲ್ಲಿ ಹೊಲಿಯುತ್ತಾಳೆ. ಮದುವೆಯಾದಾಗಿನಿಂದ ಇಪ್ಪತ್ತೆರಡು ವರ್ಷ ನನ್ನ ಸ್ಕೂಟರಿನ ಹಿಂದೆ, ಹೊಲಿದ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ರಸ್ತೆಯ ಬದಲು ನನ್ನ ಬೆನ್ನನ್ನೇ ನೋಡುತ್ತ ಊರೆಲ್ಲ ಸುತ್ತಿದವಳು, ಒಂದು ದಿನ "ನಿಮ್ಮ ಬೆನ್ನು ನೋಡಿದ್ದು ಸಾಕು ಕಣ್ರೀ, ಇನ್ನು ನಾನು ಮುಂದಿನ ಸೀಟಲ್ಲಿ ಕೂತ್ಕೋತೀನಿ" ಎಂದು ಘೋಷಿಸಿ ಡ್ರೈವಿಂಗ್ ಶಾಲೆಗೆ ಸೇರಿದಳು. ಲೈಸೆನ್ಸಿನ ಪರೀಕ್ಷೆಯಲ್ಲಿ ಮೊದಲ ಸಲ ಗಾಡಿ ಆಫ್ ಮಾಡಿಕೊಂಡು ಫೇಲಾದಳು, ಎರಡನೇ ಸಲ ಹಿಂದಕ್ಕೆ ಹೋಗುವಾಗ ಡ್ರಮ್ಮಿಗೆ ಗುದ್ದಿ ಫೇಲಾದಳು. ಮೂರನೆಯದು ಕೊನೆಯ ಅವಕಾಶ, ಅದೂ ತಪ್ಪಿದರೆ ಅರ್ಜಿಯಿಂದ ಹಿಡಿದು ಎಲ್ಲವೂ ಮತ್ತೆ ಮೊದಲಿನಿಂದ. ಆ ಮೂರನೆಯ ಪರೀಕ್ಷೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಇದೇ ಹಳದಿ ಕಾರಿನಲ್ಲಿ ಎಂದು ನಿಗದಿಯಾಗಿತ್ತು. ಶುಕ್ರವಾರ ಸಂಜೆ ಅಭ್ಯಾಸ ಮುಗಿಸಿ ಬಂದವಳು ಬೀಗದ ಕೈಯನ್ನು ಮೊಳೆಗೆ ನೇತುಹಾಕುತ್ತ, "ಮುಂದ್ಗಡೆಯಿಂದ ಏನೋ ಟಪಟಪ ಅಂತಿದೆ ರೀ, ಪಟ್ಟಿ ಎಲ್ಲೋ ಸಡಿಲ ಆಗಿದೆ" ಎಂದಳು. ಹೊಲಿಗೆ ಮಿಷನ್ನಿನ ಬೆಲ್ಟು ಕೂದಲೆಳೆಯಷ್ಟು ಸಡಿಲವಾದರೂ ಪಕ್ಕದ ಕೋಣೆಯಿಂದಲೇ ಹೇಳಿಬಿಡುವ ಕಿವಿ ಅದು, ಆದ್ದರಿಂದ ನಾನು ವಾದಿಸಲಿಲ್ಲ.

ಊರಲ್ಲಿ ಮೆಕ್ಯಾನಿಕ್ ಯಾರೂ ಇರಲಿಲ್ಲವೇ ಎಂದು ತಾವು ಕೇಳಬಹುದು. ಇದ್ದಾನೆ, ಎರಡೇ ಬೀದಿಯಾಚೆ ಇದ್ದಾನೆ, ಒಳ್ಳೆಯ ಹೆಸರೂ ಇದೆ. ತೊಡಕೇನೆಂದರೆ ಅವನು ನನ್ನ ಬಾಮೈದ, ಹೆಂಡತಿಯ ಸ್ವಂತ ತಮ್ಮ, ಮತ್ತು ನನಗೂ ಅವನಿಗೂ ಮಾತು ನಿಂತು ಹದಿನಾಲ್ಕು ತಿಂಗಳಾಗಿತ್ತು. ಕಾರಣ ಒಂದು ಪ್ಯಾಂಟು. ಅವನು ಸ್ವಂತ ಗ್ಯಾರೇಜು ತೆರೆದ ದಿನಕ್ಕೆಂದು ನಾನೇ ಬಟ್ಟೆ ಆರಿಸಿ, ನಾನೇ ಅಳತೆ ತೆಗೆದು, ಇಸ್ತ್ರಿ ಹಾಕಿ ಕೊಟ್ಟ ಬೂದು ಬಣ್ಣದ ಪ್ಯಾಂಟು ಅದು. ಊರ ಜನರೆಲ್ಲ ನೆರೆದಿರುವಾಗ, ಮೊದಲ ಗಿರಾಕಿಯ ಗಾಡಿಯ ಕೆಳಗೇನೋ ತೋರಿಸಲೆಂದು ಅವನು ಕುಕ್ಕರಗಾಲಲ್ಲಿ ಕೂತ ಕ್ಷಣಕ್ಕೆ ಅದು ಹಿಂದಿನಿಂದ ಸೊಂಟದವರೆಗೆ ಬಾಯಿಬಿಟ್ಟಿತು. ಅವನು ಎಲ್ಲರೆದುರು "ಭಾವ ಪ್ಯಾಂಟು ಹೊಲಿದಿಲ್ಲ, ಪಟಾಕಿ ಹೊಲಿದಿದ್ದಾರೆ" ಎಂದ. ನಾನು ಬಟ್ಟೆ ಕುಗ್ಗಿಲ್ಲ, ಮೈ ಹಿಗ್ಗಿದೆ ಎಂದೆ. ಅಲ್ಲಿಗೆ ಇಬ್ಬರೂ ಬೆನ್ನು ತಿರುಗಿಸಿದೆವು.

ಹೀಗಿರುವಾಗ ಅವನ ಹೊಸ್ತಿಲು ತುಳಿಯುವುದಕ್ಕಿಂತ ಎಂಜಿನ್ನನ್ನೇ ಬಿಚ್ಚುವುದು ಗೌರವದ ದಾರಿಯೆಂದು ನನಗೆ ಕಂಡಿತು, ಮತ್ತು ಆ ದಾರಿಗೆ ಬಾಗಿಲು ತೆರೆದವರು ತಾವು. ಎಂಬತ್ತೆರಡನೇ ಪುಟದಲ್ಲಿ 'ಟೈಮಿಂಗ್ ಬೆಲ್ಟಿನ ಬಿಗಿ ಸರಿಪಡಿಸುವುದು' ಎಂಬ ತಲೆಬರಹದ ಪಕ್ಕದಲ್ಲಿ, ಕೆಲಸ ಎಷ್ಟು ಕಠಿಣವೆಂದು ತೋರಿಸಲು ತಾವು ಐದು ಸ್ಪ್ಯಾನರುಗಳ ಚಿತ್ರ ಹಾಕಿ ಅದರಲ್ಲಿ ಒಂದಕ್ಕೆ ಮಾತ್ರ ಕಪ್ಪು ಬಣ್ಣ ಬಳಿದಿದ್ದೀರಿ. ಕೆಳಗೆ 'ತಗಲುವ ಕಾಲ: ನಲವತ್ತೈದು ನಿಮಿಷ' ಎಂಬ ಆಶೀರ್ವಾದವೂ ಇದೆ. ಈ ನಲವತ್ತೈದು ನಿಮಿಷದಲ್ಲಿ ಕೈ ತೊಳೆದುಕೊಳ್ಳುವ ಹೊತ್ತು ಸೇರಿದೆಯೇ ಎಂದು ಕೇಳುವ ಧೈರ್ಯ ನನಗಿಲ್ಲ. ಶನಿವಾರ ಬೆಳಿಗ್ಗೆ ಎಂಟಕ್ಕೆ ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಚ್ಚಿದವನು, ಅದೇ ಬೋಲ್ಟು ಕೈಜಾರಿ ಎಂಜಿನ್ನಿನ ಸಂದಿಯಲ್ಲಿ ಬಿದ್ದದ್ದನ್ನು ಹೆಂಡತಿಯ ಸೂಜಿ ಹೆಕ್ಕುವ ಅಯಸ್ಕಾಂತಕ್ಕೆ ದಾರ ಕಟ್ಟಿ ಮೇಲೆತ್ತುವ ಹೊತ್ತಿಗೆ ತಮ್ಮ ನಲವತ್ತೈದು ನಿಮಿಷ ಪೂರ್ತಿ ಮುಗಿದುಹೋಗಿತ್ತು.

ನನ್ನ ಕೈಯೆಲ್ಲ ಮಸಿಯಾದ್ದರಿಂದ ಪುಟ ತಿರುಗಿಸಲು ಮೇಷ್ಟ್ರು ಬಂದರು. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ತಮ್ಮ ವಾಕ್ಯಗಳನ್ನು ತರಗತಿಯಲ್ಲಿ ಓದುವಂತೆ ಬಿಡಿಬಿಡಿಸಿ ಓದಿ, ಪ್ರತಿ ಪೂರ್ಣವಿರಾಮಕ್ಕೂ ಕನ್ನಡಕದ ಮೇಲಿಂದ ನೋಡಿ "ಅರ್ಥ ಆಯ್ತಾ?" ಎಂದು ಕೇಳಿದರು. 'ಎಂಜಿನ್ನಿನ ಎಡಬದಿಯಲ್ಲಿರುವ' ಎಂದು ತಾವು ಅಪ್ಪಣೆ ಕೊಡಿಸಿದ ಕಡೆ ನಾವಿಬ್ಬರೂ ತಬ್ಬಿಬ್ಬಾದೆವು. ಎದುರು ನಿಂತವನ ಎಡವೋ, ಸೀಟಿನಲ್ಲಿ ಕೂತವನ ಎಡವೋ, ಅಥವಾ ಎಂಜಿನ್ನಿಗೆ ಅದರದೇ ಆದ ಎಡಗೈ ಇದೆಯೋ, ಒಂದೂ ತಿಳಿಯಲಿಲ್ಲ. ಕೊನೆಗೆ ಮೇಷ್ಟ್ರು ಸೂರ್ಯನನ್ನು ನೋಡಿ, "ಎಡ ಬಲ ಎಲ್ಲ ಮನುಷ್ಯರ ಜಗಳ ಮಾರಾಯರೇ, ದಿಕ್ಕು ಹೇಳ್ತೀನಿ ತಿಳ್ಕೊಳಿ" ಎಂದು ಆಲ್ಟರ್ನೇಟರನ್ನು ಈಶಾನ್ಯಕ್ಕೂ ಬ್ಯಾಟರಿಯನ್ನು ನೈಋತ್ಯಕ್ಕೂ ಹಂಚಿದ ಮೇಲೆ ಕೆಲಸ ಸಲೀಸಾಯಿತು. ಮುಂದಿನ ಮುದ್ರಣದಲ್ಲಿ ಪ್ರತಿ ಪ್ರತಿಯ ಜೊತೆ ಒಂದು ದಿಕ್ಸೂಚಿಯನ್ನೂ, ಸಾಧ್ಯವಾದರೆ ಒಬ್ಬ ಭೂಗೋಳದ ಮೇಷ್ಟ್ರನ್ನೂ ಕಟ್ಟಿ ಕಳಿಸಬೇಕಾಗಿ ಪ್ರಾರ್ಥನೆ.

ಅಂತೂ ಮುಚ್ಚಳ ತೆಗೆದಾಗ ಬೆಲ್ಟಿನ ದರ್ಶನವಾಯಿತು. ಒಳಬದಿಗೆ ಹಲ್ಲುಗಳಿರುವ ಕರಿ ರಬ್ಬರಿನ ಪಟ್ಟಿ, ಕೆಳಗಿನ ಗಾಲಿಯಿಂದ ಮೇಲಿನ ಗಾಲಿಗೆ ಸುತ್ತಿ ಬಂದು, ನಡುವೆ ಟೆನ್ಷನರ್ ಎಂಬ ಚಿಕ್ಕ ಗಾಲಿಗೆ ಒರಗಿಕೊಂಡಿತ್ತು. ಅದನ್ನು ನೋಡಿದೊಡನೆ ನನಗೆ ವಿಷಯ ಹೊಳೆಯಿತು ಎಂದರೆ ಜಂಬವೆಂದುಕೊಳ್ಳಬೇಡಿ. ಹೊಲಿಗೆ ಮಿಷನ್ನಿನಲ್ಲಿ ಮೇಲಿನ ಸೂಜಿ ಇಳಿಯುವುದಕ್ಕೂ ಕೆಳಗಿನ ಕೊಕ್ಕೆ ದಾರ ಹಿಡಿಯುವುದಕ್ಕೂ ಒಂದು ತಾಳ ಇರುತ್ತದೆ, ಅದು ತಪ್ಪಿದರೆ ಸೂಜಿ ಮುರಿಯುತ್ತದೆ. ಇಲ್ಲಿ ಅದೇ ತಾಳವನ್ನು ಈ ಪಟ್ಟಿ ಕಾಯುತ್ತದೆ, ಇದು ಸಡಿಲವಾಗಿ ಒಂದೆರಡು ಹಲ್ಲು ಜಾರಿದರೆ ಕೆಳಗಿನ ಪಿಸ್ಟನ್ನುಗಳು ಮೇಲಿನ ವಾಲ್ವುಗಳಿಗೆ ಹೋಗಿ ಗುದ್ದಿ ಇಡೀ ಎಂಜಿನ್ನು ಗುಜರಿಯ ಪಾಲಾಗುತ್ತದೆ. ಸೂಜಿಯಾದರೆ ಇನ್ನೊಂದು ಹಾಕಬಹುದು. ನಾನು ಬಟ್ಟೆಗೆ ಗೀಟು ಹಾಕುವ ನೀಲಿ ಬಿಲ್ಲೆಯಿಂದ ಗಾಲಿಗಳ ಮೇಲೆ ಗುರುತು ಹಾಕಿಕೊಂಡು, ಟೆನ್ಷನರಿನ ನಟ್ಟನ್ನು ಸಡಿಲಿಸಿ, "ಮುಂದಿನದು ಓದಿ ಮೇಷ್ಟ್ರೇ" ಎಂದೆ.

ಆಗ ಅವರು ಓದಿದರು, ಎಂಬತ್ಮೂರನೇ ಪುಟದ ಆ ವಾಕ್ಯ. 'ಈಗ ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಿಡಿದು ಸಾಧಾರಣ ಬಲದಿಂದ ತಿರುಚಿದರೆ ಅದು ಸರಿಯಾಗಿ ಕಾಲು ಸುತ್ತು ತಿರುಗಬೇಕು.'

ಮಾನ್ಯರೇ, ಸಾಧಾರಣ ಬಲ ಎಂದರೆ ಎಷ್ಟು ಬಲ? ನಾನು ಮೂವತ್ತು ವರ್ಷದಿಂದ ದಪ್ಪ ಬಟ್ಟೆ ಕತ್ತರಿಸುತ್ತ ಬಂದವನು. ನನ್ನ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಜಡ್ಡುಗಟ್ಟಿದೆ. ನಾನು ತಿರುಚಿದರೆ ಬೆಲ್ಟು ಅರ್ಧ ಸುತ್ತು ತಿರುಗಿತು. ಮೇಷ್ಟ್ರು, ಬದುಕಿನಲ್ಲಿ ಸೀಮೆಸುಣ್ಣಕ್ಕಿಂತ ಭಾರವಾದದ್ದನ್ನು ಎತ್ತದವರು, ತಿರುಚಿದರೆ ಅದು ಮಿಸುಕಾಡಲಿಲ್ಲ. ಇಬ್ಬರಲ್ಲಿ ಸಾಧಾರಣ ಯಾರು ಎಂಬ ಬಗ್ಗೆ ಅಂಗಳದಲ್ಲಿ ಅರ್ಧ ಗಂಟೆ ಸೌಜನ್ಯದ ಚರ್ಚೆ ನಡೆಯಿತು. ತಾವು ಕೃಪೆಯಿಟ್ಟು ಅಚ್ಚು ಹಾಕಿಸಿರುವ ಚಿತ್ರವನ್ನು ನೋಡಿದರೆ ಅಲ್ಲಿ ಸುತ್ತಲೂ ಕಗ್ಗತ್ತಲು, ಆ ಕತ್ತಲಿಗೆ ಮೂರು ಬಾಣದ ಗುರುತು, ಮತ್ತು ಕತ್ತಲೊಳಗಿಂದ ಹೊರಟ ಒಂದೇ ಒಂದು ಹೆಬ್ಬೆರಳು, ಉಗುರು ಕತ್ತರಿಸಿ, ತಿಕ್ಕಿ ತೊಳೆದು, ಮದುವೆಗೆ ಹೊರಟಂತೆ ಸಜ್ಜಾಗಿದೆ. ತಮ್ಮದೇ ಇರಬೇಕೆಂದು ಊಹಿಸಿ ಇಷ್ಟು ಹೊತ್ತು ಪೂಜೆ ಸಲ್ಲಿಸುತ್ತಿದ್ದೇನೆ. ಆ ಹೆಬ್ಬೆರಳನ್ನು ದಯವಿಟ್ಟು ಅಳತೆ ಮಾಪಕಗಳ ಇಲಾಖೆಯವರಿಗೆ ಒಪ್ಪಿಸಿ ಗಾಜಿನ ಪೆಟ್ಟಿಗೆಯಲ್ಲಿಡಿಸಿ, ಅದರ ಮೇಣದ ಅಚ್ಚನ್ನು ಪ್ರತಿ ಓದುಗನಿಗೂ ಅಂಚೆಯಲ್ಲಿ ತಲುಪಿಸಬೇಕು. ಅದು ಆಗದಿದ್ದರೆ ತಾವೇ ಊರೂರಿಗೆ ಬಂದು, ಬೀದಿಗೊಂದು ದಿನದಂತೆ, ಮನೆಮನೆಯ ಬೆಲ್ಟನ್ನು ಒಮ್ಮೊಮ್ಮೆ ತಿರುಚಿ ಹೋಗಬೇಕು. ಊಟ ವಸತಿಯ ಜವಾಬ್ದಾರಿ ಮೇಷ್ಟ್ರದು.

ಈಗ ನನ್ನ ತಪ್ಪನ್ನು ಒಪ್ಪಿಕೊಳ್ಳುವ ಜಾಗಕ್ಕೆ ಬಂದೆ. ತಮ್ಮ ಮಾತು ಅರ್ಥವಾಗದಾಗ ಮನುಷ್ಯ ತನಗೆ ಗೊತ್ತಿದ್ದ ದಾರಿ ಹಿಡಿಯುತ್ತಾನೆ. ನನಗೆ ಗೊತ್ತಿದ್ದದ್ದು ಸೊಂಟದ ಪಟ್ಟಿ. ಪ್ಯಾಂಟಿನ ಸೊಂಟ ಸರಿಯಾಗಿದೆಯೇ ಎಂದು ನೋಡಲು ದರ್ಜಿಯಾದವನು ಗಿರಾಕಿಯ ಹೊಟ್ಟೆಗೂ ಪಟ್ಟಿಗೂ ನಡುವೆ ಎರಡು ಬೆರಳು ತೂರಿಸುತ್ತಾನೆ. ಎರಡು ಬೆರಳು ಆರಾಮಾಗಿ ಹೋದರೆ ಗಿರಾಕಿ ಉಂಡ ಮೇಲೂ ಉಸಿರಾಡುತ್ತಾನೆ. ಬಾಮೈದನ ಪ್ಯಾಂಟು ಹರಿದ ದಿನದಿಂದ ನಾನು ಈ ವಿಷಯದಲ್ಲಿ ತುಸು ಹೆಚ್ಚೇ ಧಾರಾಳಿಯಾಗಿದ್ದೆ, ಯಾವ ಪಟ್ಟಿಯನ್ನೂ ಬಿಗಿಮಾಡಲು ಕೈ ಬರುತ್ತಿರಲಿಲ್ಲ. ಟೈಮಿಂಗ್ ಬೆಲ್ಟಿಗೂ ಟೆನ್ಷನರಿಗೂ ನಡುವೆ ಎರಡು ಬೆರಳಿನ ಸಡಿಲ ಬಿಟ್ಟು, ನಟ್ಟು ಬಿಗಿದು, ತಾವು ಹೇಳಿದಂತೆ ಕೆಳಗಿನ ಗಾಲಿಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ಎರಡು ಸುತ್ತು ತಿರುಗಿಸಿ ನೋಡಿದೆ. ನೀಲಿ ಗುರುತುಗಳು ಹೆಚ್ಚುಕಡಿಮೆ ಎದುರುಬದುರು ಬಂದು ನಿಂತವು. ಮೇಷ್ಟ್ರು "ಶಹಬ್ಬಾಸ್" ಎಂದರು. ಬಿಚ್ಚಿದ್ದ ಪ್ಲಗ್ಗುಗಳನ್ನು ಕೂರಿಸಿ, ಬ್ಯಾಟರಿಗೆ ತಂತಿ ಸಿಕ್ಕಿಸಿ, ನಾನು ಹೆಂಡತಿಯನ್ನು ಬಹಳ ಗತ್ತಿನಿಂದ ಕರೆದೆ.

ಅವಳು ಅಂಗಡಿಯಿಂದ ಬಂದಳು, ಕೊರಳಲ್ಲಿ ಟೇಪು ಹಾಗೆಯೇ ಇತ್ತು. ನಾನು ಬೀಗದ ಕೈ ನೀಡಿದರೆ ಅದನ್ನು ಮುಟ್ಟಲಿಲ್ಲ. ಗಾಡಿ ಹತ್ತುವ ಮೊದಲು ಸುತ್ತಲೂ ಒಮ್ಮೆ ನೋಡಬೇಕೆಂದು ಡ್ರೈವಿಂಗ್ ಶಾಲೆಯಲ್ಲಿ ಕಲಿಸಿದ್ದಾರಂತೆ. ಟೈರು ನೋಡಿದಳು, ಕನ್ನಡಿ ನೋಡಿದಳು, ತೆರೆದಿದ್ದ ಬಾನೆಟ್ಟಿನೊಳಗೆ ಬಗ್ಗಿ ಬೆಲ್ಟಿನ ಮೇಲೆ ಹೆಬ್ಬೆರಳಿಟ್ಟಳು. ಅವಳ ಮುಖ ನೋಡಿ ನನ್ನ ಗತ್ತು ಇಳಿಯಿತು. "ಇದು ಯಾರ ಸೊಂಟ ಅಂದ್ಕೊಂಡ್ರಿ ರೀ? ಇದಕ್ಕೆ ಉಂಡು ಉಸಿರಾಡೋ ಕೆಲಸ ಇಲ್ಲ" ಎಂದಳು. ನನಗೆ ರೇಗಿತು. ಸ್ವಾಮಿ, ಮನುಷ್ಯನಿಗೆ ತಪ್ಪು ತೋರಿಸಿದರೆ ಅವನು ಅದರ ವಿರುದ್ಧ ದಿಕ್ಕಿನಲ್ಲಿ ಇನ್ನೊಂದು ತಪ್ಪು ಮಾಡುತ್ತಾನೆ, ನಾನೂ ಅದನ್ನೇ ಮಾಡಿದೆ. ನಟ್ಟು ಸಡಿಲಿಸಿ, ಟೆನ್ಷನರನ್ನು ಮೈಯ ಭಾರವೆಲ್ಲ ಹಾಕಿ ಒತ್ತಿ, ಬೆಲ್ಟು ಹಲಗೆಯಂತಾಗುವವರೆಗೆ ಬಿಗಿದು, ಎರಡು ಸುತ್ತು ತಿರುಗಿಸುವ ತಾಳ್ಮೆಯೂ ಇಲ್ಲದೆ ನಾನೇ ಕೀಲಿ ತಿರುಗಿಸಿದೆ. ಎಂಜಿನ್ನು ಶುರುವಾಯಿತು, ಜೊತೆಗೆ ಕಿವಿ ಸೀಳುವ 'ಕೀಂಯ್' ಎಂಬ ದನಿಯೂ ಶುರುವಾಯಿತು. ಬೀದಿಯ ಆಚೆ ತುದಿಯಲ್ಲಿ ಕಿಟಕಿಗಳು ತೆರೆದುಕೊಂಡವು. ಅವಳು ನನ್ನ ಕೈ ಸರಿಸಿ ಎಂಜಿನ್ ಆಫ್ ಮಾಡಿದಳು.

ಆಮೇಲೆ ಕೂಗಾಡಲಿಲ್ಲ, ಕೂಗಾಡಿದ್ದರೆ ಒಳ್ಳೆಯದಿತ್ತು. "ಸಡಿಲ ಇದೆ ಅಂತ ನನಗೆ ಗೊತ್ತಾಗತ್ತೆ, ಬಿಗಿ ಜಾಸ್ತಿ ಆಯ್ತು ಅಂತಾನೂ ಗೊತ್ತಾಗತ್ತೆ. ಎಷ್ಟಿರಬೇಕು ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಆ ಪುಸ್ತಕ ಬರೆದೋನಿಗೂ ಗೊತ್ತಿಲ್ಲ. ಗೊತ್ತಿರೋನು ಎರಡು ಬೀದಿ ಆಚೆ ಇದಾನೆ" ಎಂದಳು. ಕೊರಳ ಟೇಪನ್ನು ಕೈಗೆ ಸುತ್ತಿಕೊಳ್ಳುತ್ತ, "ಹದಿನಾಲ್ಕು ತಿಂಗಳಲ್ಲಿ ಒಂದು ದಿನ ನಾನು ಬಾಯಿಬಿಟ್ಟು ಕೇಳಿಲ್ಲ. ಸೋಮವಾರ ಹತ್ತು ಗಂಟೆಗೆ ನಾನು ಆ ಸೀಟಲ್ಲಿ ಕೂತಿರಬೇಕು. ನಿಮ್ಮ ಮಾನ ದೊಡ್ಡದೋ ನನ್ನ ಲೈಸೆನ್ಸ್ ದೊಡ್ಡದೋ, ನೀವೇ ಹೇಳಿ" ಎಂದು ಅಂಗಡಿಗೆ ಹೊರಟುಹೋದಳು. ನನಗೆ ನಿಜವಾಗಿ ನಾಚಿಕೆಯಾಯಿತು. ತಮ್ಮ ಕೈಪಿಡಿಯಲ್ಲಿ ಈ ಹಂತಕ್ಕೆ ಏನಾದರೂ ಸೂಚನೆ ಇದೆಯೇ ಎಂದು ಮೇಷ್ಟ್ರು ಪುಟ ತಿರುವಿದರು, ಮುಂದಿನ ಅಧ್ಯಾಯ ವೈಪರ್ ಬದಲಿಸುವುದರ ಬಗ್ಗೆ ಇತ್ತು.

ನಾನೇ ಫೋನು ಮಾಡಿದೆ. ಹೇಗೆ ಶುರುಮಾಡುವುದೆಂದು ತಿಳಿಯದೆ ಅಪರಿಚಿತ ಗಿರಾಕಿಯಂತೆ "ಗ್ಯಾರೇಜಾ?" ಎಂದೆ. "ಹೌದು, ಯಾರು?" ಎಂದ, ನನ್ನ ದನಿ ಅವನಿಗೆ ಗೊತ್ತಾಗದೆ ಇರಲು ಸಾಧ್ಯವಿಲ್ಲ. "ಒಂದು ಹಳದಿ ಗಾಡಿ, ಟೈಮಿಂಗ್ ಬೆಲ್ಟು" ಎಂದೆ. "ಯಾರು ಮುಟ್ಟಿದ್ದು ಅದನ್ನ?" ಎಂದ. "ಒಬ್ಬ ದರ್ಜಿ" ಎಂದೆ. "ಗಾಡಿ ಸ್ಟಾರ್ಟ್ ಮಾಡ್ಬೇಡಿ ಅಂತ ಆ ದರ್ಜಿಗೆ ಹೇಳಿ" ಎಂದು ಇಟ್ಟುಬಿಟ್ಟ. ಹತ್ತು ನಿಮಿಷಕ್ಕೆ ಬಂದ. ನನ್ನ ಮುಖ ನೋಡಲಿಲ್ಲ, ಮೇಷ್ಟ್ರಿಗೆ ನಮಸ್ಕಾರ ಹೇಳಿ ನೇರ ಎಂಜಿನ್ನಿಗೆ ಬಗ್ಗಿದ. ಅವನು ಹಾಕಿದ್ದು ಸೊಂಟಕ್ಕೆ ಇಲಾಸ್ಟಿಕ್ ಇದ್ದ ರೆಡಿಮೇಡ್ ಪ್ಯಾಂಟು. ದರ್ಜಿಯ ಬಾಮೈದ ಇಲಾಸ್ಟಿಕ್ ಪ್ಯಾಂಟು ಹಾಕಿಕೊಂಡು ಊರಲ್ಲಿ ಓಡಾಡುವುದನ್ನು ನೋಡಿ ನನಗಾದ ನೋವಿನ ಮುಂದೆ 'ಪಟಾಕಿ' ಎಂಬ ಮಾತು ಏನೂ ಅಲ್ಲ.

ಅವನು ಟೆನ್ಷನರ್ ಸಡಿಲಿಸಿದ, ಒಂದಿಷ್ಟು ಒತ್ತಿದ, ಬೆಲ್ಟನ್ನು ತಿರುಚಿದ, ಇನ್ನೊಂದಿಷ್ಟು ಒತ್ತಿದ. ಎಷ್ಟು ಬಲ ಹಾಕುತ್ತಿದ್ದಾನೆಂದು ನಾನು ಕತ್ತು ಚಾಚಿ ನೋಡಿದೆ, ಏನೂ ಕಾಣಲಿಲ್ಲ. ಅವನಿಗೆ ಗೊತ್ತಾಯಿತೇನೋ, "ಭಾವ, ಕೈ ಕೊಡಿ ಇಲ್ಲಿ" ಎಂದ. ಹದಿನಾಲ್ಕು ತಿಂಗಳ ಮೇಲೆ ಭಾವ ಎಂದದ್ದು ಅದು. ನನ್ನ ಹೆಬ್ಬೆರಳು ತೋರುಬೆರಳನ್ನು ಬೆಲ್ಟಿನ ಮೇಲಿಟ್ಟು, ಅದರ ಮೇಲೆ ತನ್ನ ಬೆರಳುಗಳನ್ನಿಟ್ಟು ಮೆಲ್ಲಗೆ ತಿರುಚಿದ. "ಬರತ್ತೆ, ಬರತ್ತೆ, ಬರತ್ತೆ, ಇಲ್ಲಿಗೆ ಬಂದು ಸಾಕು ಅನ್ನತ್ತೆ ನೋಡಿ. ಅನ್ನಿಸ್ತಾ? ಅಷ್ಟೇ." ಅನ್ನಿಸಿತು ಮಾನ್ಯರೇ. ಬೆಲ್ಟು ಕಾಲು ಸುತ್ತು ತಿರುಗಿದ ಕಡೆ ಬೆರಳಿನಡಿ ಒಂದು ಸಣ್ಣ ಪ್ರತಿರೋಧ ಬಂತು. ಜಡ್ಡುಗಟ್ಟಿದ ಬೆರಳಿಗೂ ಅದು ತಿಳಿಯಿತು. "ನಿನಗೆ ಯಾರು ಹೇಳಿಕೊಟ್ಟರು?" ಎಂದು ಕೇಳಿದರೆ, "ನಮ್ಮ ಉಸ್ತಾದ್ರು ಹೀಗೇ ಬೆರಳ ಮೇಲೆ ಬೆರಳಿಟ್ಟು ತೋರಿಸಿದ್ರು. ಬಾಯಲ್ಲಿ ಹೇಳಕ್ಕೆ ಬರಲ್ಲ ಭಾವ ಇದು" ಎಂದ. ತಮ್ಮ ನಾನೂರು ಪುಟಗಳ ಗ್ರಂಥದಲ್ಲಿ ಈ ಒಂದು ಸಾಲು ಇದ್ದಿದ್ದರೆ, 'ಇದು ಹೇಳಲು ಬರುವುದಿಲ್ಲ, ಗೊತ್ತಿದ್ದವರನ್ನು ಕರೆಯಿರಿ' ಎಂದಿದ್ದರೆ, ನನ್ನ ಶನಿವಾರ ಉಳಿಯುತ್ತಿತ್ತು. ಆದರೆ ಹಾಗೆ ಬರೆದಿದ್ದರೆ ನಾನು ಕರೆಯುತ್ತಿರಲಿಲ್ಲ ಎಂಬುದೂ ನಿಜ.

'ಬಿಚ್ಚಿದ ಕ್ರಮಕ್ಕೆ ವಿರುದ್ಧವಾಗಿ ಜೋಡಿಸಿ' ಎಂಬ ತಮ್ಮ ಕೊನೆಯ ಸಾಲನ್ನು ಮೇಷ್ಟ್ರು ಗಟ್ಟಿಯಾಗಿ ಓದಿದಾಗ ನಾವು ಮೂವರೂ ನಕ್ಕೆವು. ಅವನು ಎಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಗುರುತು ನೋಡಿ, ಮತ್ತೊಮ್ಮೆ ಬೆಲ್ಟು ತಿರುಚಿ, ಮುಚ್ಚಳ ಹಾಕಿದ. ಕೀಲಿ ತಿರುಗಿಸಿದಾಗ ಟಪಟಪವೂ ಇಲ್ಲ, ಕೀಂಯ್ ಎಂಬುದೂ ಇಲ್ಲ. ಅಷ್ಟು ಹೊತ್ತಿಗೆ ನಾನು ಅಂಗಡಿಗೆ ಓಡಿಹೋಗಿ ಟೇಪು, ಅಳತೆ ಪುಸ್ತಕ ತಂದಿದ್ದೆ. ಅವನು ಮಸಿಗೈಗಳನ್ನು ಮೇಲೆತ್ತಿ ಕಳ್ಳನಂತೆ ನಿಂತ. ನಾನು ಅವನ ಹಳೆಯ ಅಳತೆಗೆಂದು ಪುಸ್ತಕದ ಹಿಂದಿನ ಪುಟ ತೆರೆದೆ. ಅಲ್ಲಿ ಅವನ ಹೆಸರಿನ ಮುಂದೆ, ನನ್ನದೇ ಅಕ್ಷರದಲ್ಲಿ, ಸೊಂಟ ಇಷ್ಟು, ಉದ್ದ ಇಷ್ಟು ಎಂದು ಅಂಗುಲದ ಲೆಕ್ಕದಲ್ಲಿ ಬರೆದು, ಕೊನೆಯ 'ಸಡಿಲ' ಎಂಬ ಕಲಮಿನಲ್ಲಿ ಒಂದೇ ಒಂದು ಪದ ಬರೆದಿದ್ದೆ. ಸಾಧಾರಣ.

ಆ ಪುಟವನ್ನು ಅವನಿಗೆ ತೋರಿಸಲೋ ಬೇಡವೋ ಎಂದು ಒಂದು ಕ್ಷಣ ಹಿಂದೆಮುಂದೆ ನೋಡಿದೆ. ಆಮೇಲೆ ತೋರಿಸಿದೆ. ಓದಿದವನು ನನ್ನನ್ನೇ ನೋಡಿದ. ದಿನವೆಲ್ಲ ಗಾಡಿಗಳ ಪಕ್ಕ ಕುಕ್ಕರಗಾಲಲ್ಲಿ ಕೂರುವವನನ್ನು ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲಿಸಿ ಅಳತೆ ತೆಗೆದದ್ದು ನಾನು. ಮೈ ಹಿಗ್ಗಿದೆ ಎಂದು ಊರಿಗೆಲ್ಲ ಸಾರಿದ್ದೂ ನಾನೇ. "ತಪ್ಪು ನಂದೇ ಕಣೋ" ಎಂದೆ. "ಇರ್ಲಿ ಬಿಡಿ ಭಾವ, ನಾನೂ ಪಟಾಕಿ ಅನ್ನಬಾರದಿತ್ತು" ಎಂದ. "ಕೂತ್ಕೋ" ಎಂದೆ. ಅವನು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತ, ನಾನು ಅವನ ಹಿಂದೆ ಮಂಡಿಯೂರಿ ಹಿಂದಿನ ಸೊಂಟದಿಂದ ಮುಂದಿನ ಸೊಂಟಕ್ಕೆ ಟೇಪು ಹಿಡಿದೆ, ಮೇಷ್ಟ್ರು ಅಂಗುಲಗಳನ್ನು ಬರೆದುಕೊಂಡರು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ನೋಡಲಿ ಎಂದುಕೊಂಡೆ.

ಸೋಮವಾರದ ವಿಷಯ ತಿಳಿಸದೆ ಪತ್ರ ಮುಗಿಸಿದರೆ ತಮಗೂ ನಿದ್ದೆ ಬರಲಿಕ್ಕಿಲ್ಲ. ಬಾಮೈದನೂ ನಾನೂ ಪರೀಕ್ಷೆಯ ಮೈದಾನದ ಗೋಡೆಗೆ ಒರಗಿ ನಿಂತಿದ್ದೆವು. ಪರೀಕ್ಷಕರು ಅವಳ ಪಕ್ಕದ ಸೀಟಿನಲ್ಲಿ ಅಂಕದ ಕಾಗದ ಹಿಡಿದು ಕೂತಿದ್ದರು. ಹಳದಿ ಕಾರು ಎಂಟರ ಆಕಾರದಲ್ಲಿ ಸುತ್ತಿತು, ಏರಿನಲ್ಲಿ ನಿಂತು ಹಿಂದೆ ಜಾರದೆ ಹೊರಟಿತು. ಡ್ರಮ್ಮುಗಳ ನಡುವೆ ಹಿಂದಕ್ಕೆ ಹೋಗುವಾಗ ಮಾತ್ರ ನನ್ನ ಜೀವ ಬಾಯಿಗೆ ಬಂತು. ನೋಡಿದರೆ ಬಾಮೈದನೂ ನಾನೂ ಇಬ್ಬರೂ ಹೆಬ್ಬೆರಳು ತೋರುಬೆರಳನ್ನು ಗಾಳಿಯಲ್ಲೇ ತಿರುಚುತ್ತ ನಿಂತಿದ್ದೆವು. ಡ್ರಮ್ಮಿಗೂ ಬಂಪರಿಗೂ ನಡುವೆ ಎರಡು ಬೆರಳಿನ ಜಾಗ ಉಳಿದಿತ್ತು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಪರೀಕ್ಷಕರು ಕಾಗದದ ಮೇಲೆ 'ಪಾಸ್' ಎಂದು ಬರೆದು ಸಹಿ ಹಾಕಿ ಇಳಿದರು.

ನಾವಿಬ್ಬರೂ ಓಡಿಹೋಗಿ ಕಾರಿನ ಬಾಗಿಲಿಗೆ ಕೈ ಹಾಕಿದರೆ ಬಾಗಿಲು ತೆರೆಯಲಿಲ್ಲ. ಅವಳು ಒಳಗಿಂದ ಚಿಲಕ ಹಾಕಿದ್ದಳು. ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಇಳಿಸಿ, "ನೀವಿಬ್ಬರೂ ನಡ್ಕೊಂಡು ಬನ್ನಿ. ಹದಿನಾಲ್ಕು ತಿಂಗಳ ಮಾತು ಬಾಕಿ ಇದೆ, ಗಾಡೀಲಿ ಮುಗಿಯಲ್ಲ" ಎಂದು ಹೇಳಿ, ಕನ್ನಡಿ ನೋಡಿ, ಕೈ ಸನ್ನೆ ತೋರಿಸಿ, ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತು ಹೊರಟುಹೋದಳು. ಎಂಜಿನ್ನು ಹೂವಿನಷ್ಟು ಹಗುರವಾಗಿ ಓಡುತ್ತಿತ್ತು. ಮನೆ ಅಲ್ಲಿಂದ ಒಂದೂವರೆ ಗಂಟೆಯ ದಾರಿ, ನಾವು ಅದನ್ನು ಮೂರು ಗಂಟೆ ನಡೆದೆವು.

ಆದಕಾರಣ ಮಾನ್ಯರಲ್ಲಿ ನನ್ನ ಕೊನೆಯ ಕೋರಿಕೆ ಇಷ್ಟೇ: ಮುಂದಿನ ಮುದ್ರಣದಲ್ಲಿ ಎಂಬತ್ಮೂರನೇ ಪುಟವನ್ನು ಯಾವ ಕಾರಣಕ್ಕೂ ತಿದ್ದಬೇಡಿ. ಒಂದಕ್ಷರವೂ ಕದಲಬಾರದು. ಈ ಊರಲ್ಲಿ ಇನ್ನೂ ಎಷ್ಟೋ ಭಾವ ಬಾಮೈದರು ಮಾತು ಬಿಟ್ಟು ಕೂತಿದ್ದಾರೆ.

ಊದಿದ ಹೆಬ್ಬೆರಳಿನಲ್ಲೇ ಲೇಖನಿ ಹಿಡಿದಿರುವ, ಆದರೂ ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ದರ್ಜಿ

ಮರೆತ ಮಾತು: ತಮ್ಮ ಉಪಕಾರಕ್ಕೆ ಪ್ರತಿಯಾಗಿ ತಮಗೊಂದು ಪ್ಯಾಂಟು ಹೊಲಿದು ಕಳಿಸಬೇಕೆಂದಿದ್ದೇನೆ. ಸೊಂಟದ ಅಳತೆ, ಉದ್ದ ಇತ್ಯಾದಿಗಳನ್ನು ಬರೆದು ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ, 'ಸಾಧಾರಣ' ಎಂದು ಒಂದು ಕಾರ್ಡು ಹಾಕಿದರೆ ಸಾಕು. ಪ್ಯಾಂಟು ಕೈಸೇರಿದ ದಿನವೇ ಹಾಕಿಕೊಂಡು, ಆದಷ್ಟು ಹೆಚ್ಚು ಜನ ನೆರೆದಿರುವ ಸಭೆಯೊಂದಕ್ಕೆ ಹೋಗಿ, ಎಲ್ಲರ ಮುಂದೆ ಒಮ್ಮೆ ಕುಕ್ಕರಗಾಲಲ್ಲಿ ಕೂತು ನೋಡಬೇಕಾಗಿ ವಿನಂತಿ.